ಎಳೆಯ ಯಕೃತ್ತಿಗೆ ಅರವತ್ತು ದಿನಗಳ ಗಡುವು

ಆಸ್ಪತ್ರೆ ದೂರವಿದೆ ಎಂದು ದಕ್ಷಿಣ ಬೆಂಗಳೂರಿನವರು ದೂರುವಂತಿಲ್ಲ. ನಿಮ್ಹಾನ್ಸ್ ನೆರೆಯಲ್ಲಿ ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಸಾರ್ವಜನಿಕ ಆಸ್ಪತ್ರೆ ಇದೆ. ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಖಾಸಗಿ ಆಸ್ಪತ್ರೆಗಳ ಸಾಲೇ ಇದೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಲ್ಲಿ ಮಕ್ಕಳ ವೈದ್ಯರ ನಾಮಫಲಕವಿಲ್ಲದ ರಸ್ತೆಗಳು ವಿರಳ. ಇಷ್ಟೆಲ್ಲ ಇದ್ದರೂ, ಹುಟ್ಟಿದ ಮೊದಲ ಎರಡು ತಿಂಗಳೊಳಗೆ ಪತ್ತೆಯಾಗಲೇಬೇಕಾದ ಒಂದು ಕಾಯಿಲೆ ತಡವಾಗಿ ಪತ್ತೆಯಾಗುವುದು ನಮ್ಮ ದೇಶದ ಬೇರೆಡೆಯಂತೆ ಇಲ್ಲಿಯೂ ಇದೆ. ಬಿಲಿಯರಿ ಅಟ್ರೀಸಿಯಾ ಎಂದು ಅದಕ್ಕೆ ಹೆಸರು. ಸರಳವಾಗಿ ಹೇಳುವುದಾದರೆ, ಇದು ಎಳೆಗೂಸಿನ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ. ಇಲ್ಲಿ ಲೆಕ್ಕಕ್ಕೆ ಬರುವುದು ಆಸ್ಪತ್ರೆಗಿರುವ ಕಿಲೋಮೀಟರುಗಳಿಗಿಂತ ಮಗುವಿನ ವಯಸ್ಸಿನ ದಿನಗಳು.

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸ ನಾಳಗಳ ಮೂಲಕ ಹರಿದು ಕರುಳನ್ನು ಸೇರಬೇಕು. ಕೆಲವು ಶಿಶುಗಳಲ್ಲಿ ಯಕೃತ್ತಿನ ಹೊರಗಿನ ನಾಳಗಳು ಉರಿಯೂತಕ್ಕೆ ಒಳಗಾಗಿ, ಗಾಯದ ಕಲೆಯಂತೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಏಕೆ ಹೀಗಾಗುತ್ತದೆ ಎಂಬುದಕ್ಕೆ ವೈದ್ಯವಿಜ್ಞಾನದಲ್ಲಿ ಇನ್ನೂ ಒಮ್ಮತದ ಉತ್ತರವಿಲ್ಲ. ತಾಯಿ ತಿಂದ ಆಹಾರದಿಂದಾಗಲಿ, ಮನೆಯವರ ಯಾವುದೋ ತಪ್ಪಿನಿಂದಾಗಲಿ ಇದು ಬರುವುದಿಲ್ಲ ಎಂಬುದಂತೂ ಖಚಿತ. ಹೊರಹೋಗಲು ದಾರಿಯಿಲ್ಲದ ಪಿತ್ತರಸ ಯಕೃತ್ತಿನೊಳಗೇ ನಿಂತು ಅದನ್ನು ದಿನದಿಂದ ದಿನಕ್ಕೆ ಹಾಳುಗೆಡಹುತ್ತದೆ. ಕರುಳಿಗೆ ಪಿತ್ತ ಬಾರದ್ದರಿಂದ ಮಲ ತನ್ನ ಬಣ್ಣವನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಮೂತ್ರ ಗಾಢವಾಗುತ್ತದೆ, ಕಣ್ಣು ಮತ್ತು ಚರ್ಮದ ಹಳದಿ ಇಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ.

1955ರಲ್ಲಿ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಮೊರಿಯೊ ಕಸಾಯ್ ಎಂಬ ಶಸ್ತ್ರವೈದ್ಯರು ಇದಕ್ಕೊಂದು ದಾರಿ ಕಂಡುಕೊಂಡರು. ಮುಚ್ಚಿಹೋದ ನಾಳಗಳನ್ನು ಕತ್ತರಿಸಿ ತೆಗೆದು, ಸಣ್ಣ ಕರುಳಿನ ಒಂದು ಭಾಗವನ್ನು ನೇರವಾಗಿ ಯಕೃತ್ತಿನ ಬಾಗಿಲಿಗೇ ಜೋಡಿಸುವುದು ಈ ವಿಧಾನ. ಅಲ್ಲಿ ಉಳಿದಿರಬಹುದಾದ ಸೂಕ್ಷ್ಮ ನಾಳಗಳಿಂದ ಪಿತ್ತ ಜಿನುಗಿ ಕರುಳಿಗೆ ಇಳಿಯಲಿ ಎಂಬುದು ಇದರ ಆಶಯ. ಆ ವೈದ್ಯರ ಹೆಸರೇ ಈ ಶಸ್ತ್ರಚಿಕಿತ್ಸೆಗೂ ನಿಂತಿದೆ. ಕನ್ನಡದ ಕಿವಿಗೆ ಆ ಹೆಸರು ಬೇರೊಂದು ಅರ್ಥವನ್ನು ನೆನಪಿಸಿ ಹೆತ್ತವರನ್ನು ಬೆಚ್ಚಿಬೀಳಿಸಬಹುದು. ಆದರೆ ಸಾವಿರಾರು ಮಕ್ಕಳನ್ನು ಬದುಕಿಸಿದ ಹೆಸರದು. ಏಳು ದಶಕಗಳ ನಂತರವೂ ಈ ಕಾಯಿಲೆಗೆ ಮೊದಲ ಚಿಕಿತ್ಸೆ ಅದೇ.

ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಕುಳಿತ ತಂದೆ ತಾಯಿ ಕೇಳುವುದು ಒಂದೇ ಪ್ರಶ್ನೆ: ಇದು ಫಲಿಸುತ್ತದೆಯೇ? ಅನುಭವಿ ಕೇಂದ್ರಗಳಲ್ಲಿಯೂ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಮಕ್ಕಳಲ್ಲಿ ಮಾತ್ರ ಕಾಮಾಲೆ ಪೂರ್ತಿಯಾಗಿ ಇಳಿಯುತ್ತದೆ. ಯಾವ ಮಗು ಆ ಅರ್ಧದಲ್ಲಿ ಸೇರುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಯಲು ಜಗತ್ತಿನಾದ್ಯಂತ ವೈದ್ಯರು ಯತ್ನಿಸುತ್ತಲೇ ಇದ್ದಾರೆ. ಯಕೃತ್ತು ಎಷ್ಟು ಗಟ್ಟಿಯಾಗಿದೆ, ಕತ್ತರಿಸಿದ ಜಾಗದಲ್ಲಿ ಉಳಿದ ನಾಳಗಳ ಅಗಲವೆಷ್ಟು, ಸೈಟೊಮೆಗಾಲೊ ವೈರಸ್ಸಿನ ಸೋಂಕು ಜೊತೆಗಿದೆಯೇ, ಗುಲ್ಮ ಮತ್ತು ಹೃದಯದ ರಚನೆಯಲ್ಲಿಯೂ ದೋಷವಿದೆಯೇ, ಶಸ್ತ್ರಚಿಕಿತ್ಸೆಯ ನಂತರ ಪಿತ್ತನಾಳಕ್ಕೆ ಮತ್ತೆ ಮತ್ತೆ ಸೋಂಕು ತಗುಲುತ್ತದೆಯೇ ಎಂಬುದೆಲ್ಲ ಈ ಲೆಕ್ಕದಲ್ಲಿ ಸೇರುತ್ತದೆ.

ಇವೆಲ್ಲಕ್ಕಿಂತ ನಂಬಲರ್ಹವಾದ ಸೂಚನೆ ಸಿಗುವುದು ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆಯುವಷ್ಟರಲ್ಲಿ. ಆ ಅವಧಿಯಲ್ಲಿ ರಕ್ತದಲ್ಲಿನ ಒಟ್ಟು ಬಿಲಿರುಬಿನ್ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಭರವಸೆ ಇಡಬಹುದು. ಅಮೆರಿಕದ ಹಲವು ಆಸ್ಪತ್ರೆಗಳು ಒಟ್ಟಾಗಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಇಳಿದ ಮಕ್ಕಳ ಪೈಕಿ ಶೇ 86ರಷ್ಟು ಮಂದಿ ಕಸಿಯ ನೆರವಿಲ್ಲದೆಯೇ ಎರಡು ವರ್ಷ ತುಂಬಿಸಿದ್ದರು. ಇಳಿಯದವರಲ್ಲಿ ಈ ಪ್ರಮಾಣ ಶೇ 20 ಮಾತ್ರ. ಇಷ್ಟು ಸ್ಪಷ್ಟವಾದ ಗೆರೆ ವೈದ್ಯಶಾಸ್ತ್ರದಲ್ಲಿ ಅಪರೂಪ. ಆದರೆ ಇದು ತೀರ್ಪು ಹೊರಬಿದ್ದ ಮೇಲೆ ಸಿಗುವ ಮಾಹಿತಿ. ಕಸಿಗೆ ಸಿದ್ಧತೆ ಮಾಡಿಕೊಳ್ಳಲು ಅದರಿಂದ ಉಪಯೋಗವಿದೆ. ಶಸ್ತ್ರಚಿಕಿತ್ಸೆಯ ಫಲವನ್ನು ಬದಲಿಸಲು ಅದರಿಂದಾಗದು.

ಔಷಧದ ಬಲದಿಂದ ಫಲ ಬದಲಿಸುವ ಪ್ರಯತ್ನಗಳೂ ನಡೆದಿವೆ. ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಪಿತ್ತದ ಹರಿವು ಸುಧಾರಿಸಬಹುದೆಂಬ ದೊಡ್ಡ ನಿರೀಕ್ಷೆ ಇತ್ತು. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಆ ನಿರೀಕ್ಷೆಗೆ ತಣ್ಣೀರೆರಚಿತು. ಗಣನೀಯ ಪ್ರಯೋಜನ ಕಾಣಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಬೇಗ ಕಾಣಿಸಿಕೊಂಡವು. ಈಗ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಹುಟ್ಟಿನಿಂದ ಬಂದ ದೋಷವನ್ನು ಯಾರೂ ತಿದ್ದಲಾರರು. ಸೂಕ್ಷ್ಮ ನಾಳದ ಅಗಲವನ್ನು ಯಾರೂ ಹಿಗ್ಗಿಸಲಾರರು. ಸಮಾಜ ಮತ್ತು ಸರ್ಕಾರ ಬದಲಿಸಬಹುದಾದ ಸಂಗತಿಗಳು ಎರಡೇ: ಶಸ್ತ್ರಚಿಕಿತ್ಸೆಯ ದಿನ ಮಗುವಿನ ವಯಸ್ಸು ಮತ್ತು ಆ ಶಸ್ತ್ರಚಿಕಿತ್ಸೆ ನಡೆಸುವ ತಂಡದ ಅನುಭವ.

ಅರವತ್ತು ದಿನ ಎಂಬುದು ಅಂಗೈಯಲ್ಲಿ ಬರೆದಿಟ್ಟ ಗೆರೆಯೇನಲ್ಲ. ಐವತ್ತೊಂಬತ್ತನೇ ದಿನ ಗೆದ್ದು ಅರವತ್ತೊಂದನೇ ದಿನ ಸೋಲುವಂಥದ್ದು ಇಲ್ಲಿ ಯಾವುದೂ ಇಲ್ಲ. ಆದರೆ ಮೊದಲ ತಿಂಗಳಿನಿಂದ ಮೂರನೇ ತಿಂಗಳಿನ ಕಡೆಗೆ ಹೋದಂತೆಲ್ಲ ಸ್ವಂತ ಯಕೃತ್ತಿನೊಂದಿಗೆ ಬದುಕುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ದೀರ್ಘಕಾಲದ ದಾಖಲೆಗಳು ತೋರಿಸಿವೆ. ಅದೇ ಅಧ್ಯಯನ 2009ರಲ್ಲಿ ಇನ್ನೊಂದು ಮಾತನ್ನೂ ಹೇಳಿತು. ಅಲ್ಲಿನ ಎಲ್ಲ ಮಕ್ಕಳಿಗೂ 46 ದಿನದೊಳಗೆ ಶಸ್ತ್ರಚಿಕಿತ್ಸೆಯಾದರೆ, ಹದಿನಾರು ವರ್ಷದೊಳಗಿನವರಿಗೆ ಪ್ರತಿವರ್ಷ ನಡೆಯುವ ಯಕೃತ್ತಿನ ಕಸಿಗಳಲ್ಲಿ ಶೇ 5.7ರಷ್ಟನ್ನು ತಪ್ಪಿಸಬಹುದಿತ್ತು ಎಂಬುದು ಅದರ ಅಂದಾಜು. ಬೇಗ ಪತ್ತೆಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಉತ್ಪ್ರೇಕ್ಷಿಸುವವರು ಈ ಸಣ್ಣ ಅಂಕಿಯನ್ನು ನೆನಪಿಡಬೇಕು. ಬಹುಪಾಲು ಮಕ್ಕಳು ಹೇಗೂ ಮೊದಲೆರಡು ತಿಂಗಳಲ್ಲೇ ಆಸ್ಪತ್ರೆ ತಲಪುವ ದೇಶದ ಲೆಕ್ಕ ಅದು ಎಂಬುದನ್ನೂ ಮರೆಯಬಾರದು. ಭಾರತದ ಆಸ್ಪತ್ರೆಗಳು ಪ್ರಕಟಿಸಿದ ವರದಿಗಳಲ್ಲಿ ಶಸ್ತ್ರಚಿಕಿತ್ಸೆಯ ಸರಾಸರಿ ವಯಸ್ಸು ಎರಡು ತಿಂಗಳನ್ನು ದಾಟಿರುವುದೇ ಹೆಚ್ಚು. ತಡವಾಗುವ ಕಡೆಯೇ ಬೇಗ ಪತ್ತೆಹಚ್ಚುವುದರ ಲಾಭವೂ ಹೆಚ್ಚು.

ಈ ಮಾತಿಗೆ ತೈವಾನ್ ಸಾಕ್ಷಿ. 2002ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2004ರಿಂದ ದೇಶದಾದ್ಯಂತ ಆ ಸರ್ಕಾರ ಪ್ರತಿ ನವಜಾತ ಶಿಶುವಿನ ಆರೋಗ್ಯ ಪುಸ್ತಕದಲ್ಲಿ ಮಲದ ಬಣ್ಣಗಳ ಚಿತ್ರಪಟ್ಟಿಯನ್ನು ಸೇರಿಸಿತು. ಯಾವ ಬಣ್ಣ ಸರಿ, ಯಾವುದು ಅಪಾಯ ಎಂಬುದನ್ನು ಅಕ್ಷರ ಬಾರದವರೂ ನೋಡಿ ತಿಳಿಯಬಹುದಾದ ಕಾರ್ಡು ಅದು. ಅಪಾಯದ ಬಣ್ಣ ಕಂಡರೆ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಯನ್ನೂ ಅದರೊಂದಿಗೆ ಕೊಟ್ಟರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯ ಮಕ್ಕಳಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಸುಮಾರು ಶೇ 56ರಿಂದ ಶೇ 89ಕ್ಕೆ ಏರಿತ್ತು. ಸ್ವಂತ ಯಕೃತ್ತಿನೊಂದಿಗೆ, ಕಾಮಾಲೆಯಿಲ್ಲದೆ ಐದು ವರ್ಷ ದಾಟಿದವರು ಸುಮಾರು ಶೇ 27ರಿಂದ ಶೇ 64ಕ್ಕೆ ಹೆಚ್ಚಿದ್ದರು. ಈ ಏರಿಕೆಯಲ್ಲಿ ಆ ಅವಧಿಯ ಶಸ್ತ್ರಚಿಕಿತ್ಸೆ ಮತ್ತು ಕಸಿಯ ಸುಧಾರಣೆಗಳ ಪಾಲೂ ಇದ್ದೀತು. ಆದರೂ ಒಂದು ಹಾಳೆಯ ಮುದ್ರಣ ವೆಚ್ಚದಲ್ಲಿ ಇಷ್ಟು ಸಾಧಿಸಿದ ಆರೋಗ್ಯ ಕಾರ್ಯಕ್ರಮಗಳು ಹೆಚ್ಚಿಲ್ಲ. ಜಪಾನ್ ಕೂಡ 2012ರಿಂದ ತನ್ನ ತಾಯಿ ಮಗು ಕೈಪಿಡಿಯಲ್ಲಿ ಇಂಥ ಬಣ್ಣದ ಪಟ್ಟಿಯನ್ನು ಅಳವಡಿಸಿತು.

ನಮ್ಮಲ್ಲಿ ತಡವಾಗುವುದಕ್ಕೆ ಕಾರಣಗಳೇನು? ಮೊದಲನೆಯದು, ಹಸುಗೂಸಿನ ಕಾಮಾಲೆ ಸರ್ವೇಸಾಮಾನ್ಯವಾಗಿರುವುದು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ವಾರದಲ್ಲಿ ಹಳದಿಯಾಗುತ್ತಾರೆ. ಎರಡು ವಾರದೊಳಗೆ ಅದು ತಾನಾಗಿಯೇ ಇಳಿಯುತ್ತದೆ. ‘ಎಳೆಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ’ ಎಂಬ ಸಲಹೆ ಬಹುತೇಕ ಮಕ್ಕಳ ಪಾಲಿಗೆ ನಿಜವೂ ಆಗುತ್ತದೆ. ಹಾಗೆ ನಿಜವಾಗುತ್ತಾ ಬಂದಿರುವುದರಿಂದಲೇ ಉಳಿದ ಒಂದು ಮಗುವಿನ ಪಾಲಿಗೆ ಅದು ಮಾರಕವಾಗುತ್ತದೆ. ಈ ಕಾಯಿಲೆಯ ಮಗು ಮೊದಮೊದಲು ಹಾಲು ಕುಡಿಯುತ್ತದೆ, ಆಡುತ್ತದೆ, ತೂಕವೂ ಏರುತ್ತದೆ. ರೋಗಿಷ್ಠ ಮಗುವಿನ ಚಹರೆ ಅದಕ್ಕಿರುವುದಿಲ್ಲ. ಗುಂಡುಗುಂಡಾಗಿರುವ ಮಗುವನ್ನು ಶಸ್ತ್ರವೈದ್ಯರ ಬಳಿ ಒಯ್ಯಿರಿ ಎಂದರೆ ಯಾವ ಅಜ್ಜಿ ತಾನೇ ಒಪ್ಪಿಯಾಳು?

ಎರಡನೆಯದು ನಮ್ಮ ಬಾಣಂತನದ ಪದ್ಧತಿಗೆ ಸಂಬಂಧಿಸಿದ್ದು. ಜಯನಗರದ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗಳು ವಾರದೊಳಗೆ ಹಾಸನಕ್ಕೋ ಶಿವಮೊಗ್ಗಕ್ಕೋ ತವರಿಗೆ ಹೋಗುತ್ತಾಳೆ. ತವರಿನಲ್ಲಿ ಹೆತ್ತವಳು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಮಗುವಿನೊಂದಿಗೆ ಬನಶಂಕರಿಯ ಗಂಡನ ಮನೆಗೆ ಬರುತ್ತಾಳೆ. ಎರಡೂ ಸಂದರ್ಭಗಳಲ್ಲಿ, ಮಗುವನ್ನು ಹುಟ್ಟಿದ ದಿನ ಕಂಡ ವೈದ್ಯರು ಆರನೇ ವಾರದಲ್ಲಿ ಅದನ್ನು ಕಾಣುವುದಿಲ್ಲ. ಹಳದಿ ಇಳಿಯಿತೇ ಎಂದು ನೆನಪಿಟ್ಟು ಕೇಳುವವರು ಯಾರೂ ಇರುವುದಿಲ್ಲ. ಬಾಣಂತಿಯ ಕೋಣೆ ಮಬ್ಬುಗತ್ತಲೆಯದು. ಗಾಳಿ ಬೆಳಕು ಸೋಕದಂತೆ ಬೆಚ್ಚಗಿಡುವುದು ರೂಢಿ. ಆ ಮಬ್ಬಿನಲ್ಲಿ ಕಣ್ಣಿನ ಬಿಳಿಯ ಹಳದಿ ಕಾಣುವುದಾದರೂ ಹೇಗೆ? ಕೆಲವು ಕಡೆ ಕಾಮಾಲೆಗೆ ನಾಟಿ ಔಷಧ ಕುಡಿಸುವ, ಬರೆ ಹಾಕಿಸುವ ರೂಢಿ ಅಳಿದಿಲ್ಲ. ವಾರಗಳು ಹೀಗೆ ಸೋರಿಹೋಗುತ್ತವೆ.

ಇದನ್ನೆಲ್ಲ ಅಜ್ಞಾನವೆಂದು ಜರೆಯುವುದು ಸುಲಭ, ಅದು ನ್ಯಾಯವಲ್ಲ. ಮಗುವಿನ ಮಲದ ಬಣ್ಣವನ್ನು ದಿನವೂ ಗಮನಿಸುವ ಶಿಸ್ತು ನಮ್ಮ ಅಜ್ಜಿಯರಲ್ಲಿ ಇದೆ. ಹಸಿರು ಬಣ್ಣ ಕಂಡರೆ ಮನೆಯಲ್ಲಿ ಚರ್ಚೆಯೇ ನಡೆಯುತ್ತದೆ. ತಾಯಿಗೆ ಪಥ್ಯ ಬಿಗಿಯಾಗುತ್ತದೆ. ವಿಪರ್ಯಾಸವೆಂದರೆ, ಹಸಿರು ಸಾಮಾನ್ಯವಾಗಿ ನಿರಪಾಯ. ಅದು ಪಿತ್ತದ್ದೇ ಬಣ್ಣ. ಪಿತ್ತ ಕರುಳಿಗೆ ಇಳಿಯುತ್ತಿದೆ ಎಂಬುದಕ್ಕೆ ಗುರುತು. ಹೆದರಬೇಕಾದದ್ದು ಸುಣ್ಣದಂತೆ, ಬೂದಿಯಂತೆ, ಅಕ್ಕಿಹಿಟ್ಟಿನಂತೆ, ಒಣಗಿದ ಜೇಡಿಮಣ್ಣಿನಂತೆ ಬಿಳಿಚಿದ ಮಲಕ್ಕೆ. ಅದು ಹಾಲು ಕುಡಿಯುವ ಮಗುವಿಗೆ ಸಹಜವೆಂಬ ತಪ್ಪು ತಿಳಿವಳಿಕೆ ಓದಿದವರಲ್ಲಿಯೂ ಇದೆ. ಜೊತೆಗೆ, ಎಳೆಮಗುವಿನ ಮೂತ್ರ ನೀರಿನಂತಿರಬೇಕು; ಬಟ್ಟೆಯಲ್ಲಿ ಗಾಢ ಹಳದಿ ಕಲೆ ಉಳಿಯಬಾರದು. ಗಮನಿಸುವ ಕಣ್ಣು ಮನೆಯಲ್ಲಿ ಈಗಾಗಲೇ ಇದೆ. ಯಾವ ಬಣ್ಣಕ್ಕೆ ಹೆದರಬೇಕು ಎಂಬುದನ್ನು ತಿಳಿಸಿಕೊಟ್ಟರೆ ಸಾಕು.

ಮೂರನೆಯ ಕಾರಣ ಆಸ್ಪತ್ರೆಗಳ ಒಳಗಿದೆ. ಕಾಮಾಲೆಯ ಮಗುವಿಗೆ ಬಿಲಿರುಬಿನ್ ಪರೀಕ್ಷೆ ಮಾಡಿಸಿದಾಗ ಒಟ್ಟು ಪ್ರಮಾಣವನ್ನು ನೋಡಿ, ಹೆಚ್ಚಿಲ್ಲವೆಂದು ಸಮಾಧಾನಪಟ್ಟು ಕಳುಹಿಸುವುದುಂಟು. ನೋಡಬೇಕಾದದ್ದು ಅದರೊಳಗಿನ ‘ಡೈರೆಕ್ಟ್’ ಬಿಲಿರುಬಿನ್ ಪ್ರಮಾಣವನ್ನು. ಅದು 1 ಮಿಲಿಗ್ರಾಂ ದಾಟಿದ್ದರೆ ಅದು ಮಾಮೂಲಿ ಕಾಮಾಲೆಯಲ್ಲ. ಬೆಳಕಿನ ಚಿಕಿತ್ಸೆಯಿಂದಾಗಲಿ ಬಿಸಿಲಿನಿಂದಾಗಲಿ ಹೋಗುವಂಥದ್ದೂ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1,23,279 ನವಜಾತ ಶಿಶುಗಳಿಗೆ ಈ ಪರೀಕ್ಷೆಯನ್ನು ಎರಡು ಹಂತಗಳಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಮಕ್ಕಳಿಗೆ ಈ ಕಾಯಿಲೆ ಇತ್ತು. ಶಸ್ತ್ರಚಿಕಿತ್ಸೆಯ ಸರಾಸರಿ ವಯಸ್ಸು 56 ದಿನಗಳಿಂದ 36 ದಿನಗಳಿಗೆ ಇಳಿಯಿತು. ಅಂದರೆ ಮೂರು ವಾರಗಳ ಗಳಿಕೆ. ಸಾಮಾನ್ಯ ಪ್ರಯೋಗಾಲಯಗಳಲ್ಲಿ ಸಿಗುವ ಪರೀಕ್ಷೆಯಿಂದಲೇ ಇದು ಸಾಧ್ಯವಾಯಿತು.

ಅನುಮಾನ ಬಂದ ಮೇಲೂ ದಿನಗಳು ಕಳೆಯುತ್ತವೆ. ಸೋಂಕಿನ ಪರೀಕ್ಷೆಯ ವರದಿಗೆ ಒಂದು ವಾರ, ಸ್ಕ್ಯಾನಿಗೆ ಮುನ್ನ ಕೊಡುವ ಔಷಧಕ್ಕೆ ಕೆಲವು ದಿನ, ಸ್ಕ್ಯಾನಿನ ಸರದಿಗೆ ಮತ್ತಷ್ಟು ದಿನ, ನಂತರ ಯಕೃತ್ತಿನ ತುಣುಕು ಪರೀಕ್ಷೆ, ಕೊನೆಗೆ ಶಸ್ತ್ರಚಿಕಿತ್ಸೆಯ ದಿನಾಂಕ. ಒಂದೊಂದೂ ಸಮರ್ಥನೀಯವೇ, ಎಲ್ಲವನ್ನೂ ಕೂಡಿಸಿದರೆ ಮಗುವಿನ ಪಾಲಿಗೆ ಒಂದು ತಿಂಗಳು. ಹಳದಿ ಕಾಣಿಸಿಕೊಂಡು ಡೈರೆಕ್ಟ್ ಬಿಲಿರುಬಿನ್ ಏರಿರುವ ಎಳೆಮಗುವನ್ನು ತುರ್ತು ಪ್ರಕರಣವೆಂದು ಪರಿಗಣಿಸಿ, ಪರೀಕ್ಷೆಗಳನ್ನು ಒಂದರ ಹಿಂದೊಂದಾಗಿ ನಡೆಸುವ ಬದಲು ಏಕಕಾಲಕ್ಕೆ ನಡೆಸುವ ಪರಿಪಾಠ ಬೆಳೆಯಬೇಕಿದೆ. ಇಂಥ ಮಕ್ಕಳಲ್ಲಿ ವಿಟಮಿನ್ ಕೆ ಹೀರಿಕೆಯೂ ಕುಂದುವುದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಆ ಒಂದು ಚುಚ್ಚುಮದ್ದಿಗಾದರೂ ವರದಿಗಳಿಗಾಗಿ ಕಾಯಬೇಕಿಲ್ಲ.

ಹಾಗಾದರೆ ಪತ್ತೆಹಚ್ಚಲು ಹೊಸ ವ್ಯವಸ್ಥೆಯನ್ನೇ ಕಟ್ಟಬೇಕೇ? ಬೇಕಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕಾದ ದಿನಗಳನ್ನು ಸರ್ಕಾರವೇ ಗೊತ್ತುಪಡಿಸಿದೆ: 3, 7, 14, 21, 28 ಮತ್ತು 42ನೇ ದಿನ. ಆರನೇ ವಾರದ ಲಸಿಕೆಗೆ ಮಗುವನ್ನು ಕರೆದೊಯ್ಯುವುದೂ ಅದೇ 42ನೇ ದಿನದ ಸುಮಾರಿಗೆ. ಲಸಿಕೆ ಹಾಕಿಸುವ ವಿಷಯದಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಅರವತ್ತು ದಿನಗಳ ಗಡುವಿಗೆ ಹದಿನೆಂಟು ದಿನ ಬಾಕಿ ಇರುವಾಗ, ನಾಡಿನ ಬಹುತೇಕ ಎಲ್ಲ ಹಸುಗೂಸುಗಳೂ ಒಬ್ಬ ದಾದಿಯ ಅಥವಾ ವೈದ್ಯರ ಮುಂದೆ ಹಾಜರಾಗುತ್ತವೆ. ಆ ಹೊತ್ತಿನಲ್ಲಿ ಕೇಳಬೇಕಾದದ್ದು ಎರಡೇ ಪ್ರಶ್ನೆ: ಹಳದಿ ಇಳಿಯಿತೇ? ಮಲ ಯಾವ ಬಣ್ಣದ್ದು? ಈ ಎರಡು ಉತ್ತರಗಳನ್ನು ತಾಯಿ ಕಾರ್ಡಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕು. 14 ಮತ್ತು 28ನೇ ದಿನದ ಭೇಟಿಗಳಲ್ಲಿಯೇ ಕೇಳಿದರೆ ಇನ್ನೂ ಒಳ್ಳೆಯದು.

ಇಲ್ಲಿ ದಕ್ಷಿಣ ಬೆಂಗಳೂರಿನಂಥ ಬಡಾವಣೆಗಳ ವಿಚಿತ್ರ ಸ್ಥಿತಿಯನ್ನು ಗಮನಿಸಬೇಕು. ಹಳ್ಳಿಯ ಗುಡಿಸಲಿಗೆ ಆಶಾ ಕಾರ್ಯಕರ್ತೆ ಹೋಗುತ್ತಾಳೆ, ಜೆ.ಪಿ. ನಗರದ ಬಹುಮಹಡಿ ಕಟ್ಟಡದ ಕಾವಲುಗಾರನನ್ನು ದಾಟಿ ಅವಳು ಒಳಗೆ ಬರುವುದು ಅಪರೂಪ. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಧ್ಯಮವರ್ಗದ ಕುಟುಂಬಕ್ಕೆ ಸಿಗುವುದು ಬಿಡುಗಡೆಯ ಪತ್ರ, ಲಸಿಕೆಯ ಪುಸ್ತಕ ಮತ್ತು ಬಿಲ್ಲು. ಆದ್ದರಿಂದ ಬಣ್ಣದ ಪಟ್ಟಿ ಸರ್ಕಾರದ ತಾಯಿ ಕಾರ್ಡಿನಲ್ಲಷ್ಟೇ ಇದ್ದರೆ ಸಾಲದು. ಪ್ರತಿ ಖಾಸಗಿ ಹೆರಿಗೆ ಆಸ್ಪತ್ರೆಯ ಕಡತದಲ್ಲಿಯೂ ಕನ್ನಡದ ವಿವರಣೆಯೊಂದಿಗೆ ಇರಬೇಕು. ಆಸ್ಪತ್ರೆಗಳ ಪರವಾನಗಿ ನವೀಕರಿಸುವಾಗ ಇದನ್ನೊಂದು ಷರತ್ತಾಗಿಸಲು ಆರೋಗ್ಯ ಇಲಾಖೆಗೆ ಅಡ್ಡಿಯೇನಿದೆ?

ಬದಲಿಸಬಹುದಾದ ಎರಡನೆಯ ಸಂಗತಿ ಅನುಭವ. ವರ್ಷಕ್ಕೆ ಒಂದೋ ಎರಡೋ ಇಂಥ ಶಸ್ತ್ರಚಿಕಿತ್ಸೆ ನಡೆಸುವ ಆಸ್ಪತ್ರೆಗಿಂತ ಹೆಚ್ಚು ನಡೆಸುವ ಆಸ್ಪತ್ರೆಯಲ್ಲಿ ಫಲಿತಾಂಶ ಉತ್ತಮವಾಗಿರುವುದನ್ನು ಬ್ರಿಟನ್ನಿನ ಅಧ್ಯಯನಗಳು ತೋರಿಸಿದ್ದವು. ಆ ಕಾರಣದಿಂದಲೇ 1999ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಎಲ್ಲ ಪ್ರಕರಣಗಳನ್ನೂ ಲಂಡನ್, ಬರ್ಮಿಂಗ್‌ಹ್ಯಾಮ್ ಮತ್ತು ಲೀಡ್ಸ್ ನಗರಗಳ ಮೂರೇ ಕೇಂದ್ರಗಳಿಗೆ ಸೀಮಿತಗೊಳಿಸಲಾಯಿತು. ಕರ್ನಾಟಕದಲ್ಲಿ ಯಾವ ಮಗು ಯಾರ ಕೈಗೆ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಪರಿಚಯ, ವಿಮೆ ಮತ್ತು ಆಕಸ್ಮಿಕ. ಸರ್ಕಾರಿ ವಲಯದ ಒಂದೆರಡು, ಖಾಸಗಿ ಮತ್ತು ಧರ್ಮಾರ್ಥ ವಲಯದ ಒಂದೆರಡು ಕೇಂದ್ರಗಳನ್ನು ಇದಕ್ಕೆಂದೇ ಗುರುತಿಸಿ, ರಾಜ್ಯದ ಎಲ್ಲ ಜಿಲ್ಲಾಸ್ಪತ್ರೆಗಳೂ ಅಲ್ಲಿಗೇ ಕಳುಹಿಸುವಂತೆ ಮಾಡುವುದು ಅಸಾಧ್ಯವಲ್ಲ. ಎಷ್ಟು ಮಕ್ಕಳು, ಯಾವ ವಯಸ್ಸಿನಲ್ಲಿ, ಮೂರು ತಿಂಗಳ ನಂತರ ಎಷ್ಟು ಮಂದಿಯ ಕಾಮಾಲೆ ಇಳಿದಿತ್ತು ಎಂಬ ಮೂರು ಅಂಕಿಗಳನ್ನು ಆ ಕೇಂದ್ರಗಳು ಪ್ರತಿವರ್ಷ ಪ್ರಕಟಿಸಬೇಕು. ಜಾಹೀರಾತು ಫಲಕಗಳಲ್ಲಿ ಯಂತ್ರಗಳ ಬೆಲೆ ಹೇಳಿಕೊಳ್ಳುವ ಆಸ್ಪತ್ರೆಗಳಿಗೆ ಇದು ಭಾರವಾಗಬಾರದು.

ಮುನ್ಸೂಚನೆಯ ವಿದ್ಯೆಗೆ ಒಂದು ಅಪಾಯವೂ ಅಂಟಿಕೊಂಡಿದೆ. ‘ತಡವಾಯಿತು, ಇನ್ನು ಪ್ರಯೋಜನವಿಲ್ಲ’ ಎಂಬ ಮಾತು ತೊಂಬತ್ತು ದಿನ ದಾಟಿದ ಮಗುವಿನ ಹೆತ್ತವರಿಗೆ ಸುಲಭವಾಗಿ ಸಿಗುತ್ತದೆ. ಕಸಿಯ ವೆಚ್ಚ ಭರಿಸಬಲ್ಲವರಿಗೆ ಅದು ನೇರವಾಗಿ ಕಸಿಗೆ ಹೋಗಿ ಎಂಬ ಸಲಹೆ. ಭರಿಸಲಾಗದವರಿಗೆ ಅದೇ ಮಾತು ಮನೆಗೆ ಹೋಗಿ ಎಂಬ ಆದೇಶ. ತಡವಾಗಿ ಬಂದ ಮಕ್ಕಳಲ್ಲಿಯೂ ಕೆಲವರಿಗೆ ಶಸ್ತ್ರಚಿಕಿತ್ಸೆ ಫಲಿಸಿದೆ. ಯಕೃತ್ತು ಎಷ್ಟು ಹಾಳಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆಯೇ ಎಂಬುದನ್ನೆಲ್ಲ ನೋಡಿ ಪ್ರತಿ ಮಗುವಿನ ವಿಷಯದಲ್ಲೂ ಪ್ರತ್ಯೇಕವಾಗಿ ನಿರ್ಧರಿಸಬೇಕೇ ಹೊರತು ಕ್ಯಾಲೆಂಡರನ್ನು ನೋಡಿ ಬಾಗಿಲು ಹಾಕುವಂತಿಲ್ಲ. ನೂರು ಮಕ್ಕಳ ಬಗ್ಗೆ ಹೇಳುವ ಶೇಕಡಾವಾರು ಸತ್ಯ, ಮಡಿಲಲ್ಲಿರುವ ಒಂದು ಮಗುವಿಗೆ ಅರ್ಧಂಬರ್ಧವಾಗಿ ಅನ್ವಯಿಸುವುದಿಲ್ಲ. ಆ ಮಗುವಿನ ಪಾಲಿಗೆ ಅದು ಪೂರ್ತಿ ನಿಜ ಇಲ್ಲವೇ ಪೂರ್ತಿ ಸುಳ್ಳು. ಅಂಕಿಗಳನ್ನು ಹೆತ್ತವರಿಗೆ ಮುಚ್ಚಿಡದೆ, ಹೆದರಿಸದೆ, ಅವರ ಭಾಷೆಯಲ್ಲಿ ಬಿಡಿಸಿ ಹೇಳುವುದು ವೈದ್ಯರ ಹೊಣೆ. ಜಿಲ್ಲೆಯಿಂದ ಬಸ್ಸು ಹಿಡಿದು ಬಂದ ದಂಪತಿಗೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಆ ಹೊಣೆ ತೀರುವುದಿಲ್ಲ.

ಶಸ್ತ್ರಚಿಕಿತ್ಸೆ ಫಲಿಸದಿದ್ದರೆ, ಅಥವಾ ಫಲಿಸಿಯೂ ವರ್ಷಗಳ ನಂತರ ಯಕೃತ್ತು ಸೋತರೆ, ಉಳಿಯುವ ದಾರಿ ಕಸಿ. ಅದು ಇಂದು ದೂರದ ಕನಸೇನೂ ಅಲ್ಲ. ಭಾರತದಲ್ಲಿ ಮಗುವೊಂದಕ್ಕೆ ಮೊದಲ ಬಾರಿಗೆ ಯಶಸ್ವಿಯಾಗಿ ಯಕೃತ್ತಿನ ಕಸಿ ನಡೆದದ್ದು 1998ರಲ್ಲಿ, ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ. ಕಾಂಚೀಪುರದ ಇಪ್ಪತ್ತು ತಿಂಗಳ ಆ ಮಗುವಿಗೆ ಇದ್ದದ್ದು ಇದೇ ಪಿತ್ತನಾಳದ ಕಾಯಿಲೆ. ಯಕೃತ್ತಿನ ಭಾಗ ಕೊಟ್ಟವರು ತಂದೆ. ಆ ಮಗು ಬೆಳೆದು ಸ್ವತಃ ವೈದ್ಯರಾದರು. ಬೆಂಗಳೂರಿನಲ್ಲಿಯೂ ಇಂದು ಯಕೃತ್ತಿನ ಕಸಿ ನಡೆಯುತ್ತದೆ. ಮೃತರ ಅಂಗಾಂಗಗಳ ಹಂಚಿಕೆಗೆ ‘ಜೀವಸಾರ್ಥಕತೆ’ ಸಂಸ್ಥೆ ಇದೆ. ಆದರೆ ಕಸಿಯ ವೆಚ್ಚ ಲಕ್ಷಗಳಲ್ಲಿ. ಅದರ ನಂತರ ಜೀವನಪರ್ಯಂತ ಔಷಧ ಬೇಕು. ಎಳೆಮಕ್ಕಳಿಗೆ ಅಂಗ ಕೊಡುವವರು ಸಾಮಾನ್ಯವಾಗಿ ತಂದೆ ಅಥವಾ ತಾಯಿಯೇ ಆಗಿರುವುದರಿಂದ ಮನೆಯ ದುಡಿಮೆಯೂ ತಿಂಗಳುಗಟ್ಟಲೆ ನಿಲ್ಲುತ್ತದೆ. ಸರ್ಕಾರದ ನೆರವು ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಮುಗಿಯದೆ ನಂತರದ ವರ್ಷಗಳ ಔಷಧಕ್ಕೂ ವಿಸ್ತರಿಸದಿದ್ದರೆ ಉಳಿಸಿದ ಜೀವ ಮತ್ತೆ ಕೈಜಾರುತ್ತದೆ.

ಇಷ್ಟು ವಿರಳವಾದ ಕಾಯಿಲೆಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಯುರೋಪಿನಲ್ಲಿ 15ರಿಂದ 20 ಸಾವಿರ ಜನನಗಳಿಗೆ ಒಂದರಂತೆ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ತೈವಾನಿನಲ್ಲಿ ಅದರ ಸುಮಾರು ಮೂರು ಪಟ್ಟು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು ಒಂಬತ್ತು ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ. ಯುರೋಪಿನ ಪ್ರಮಾಣವನ್ನೇ ಹಿಡಿದರೂ ಪ್ರತಿವರ್ಷ ಐವತ್ತು ಅರವತ್ತು ಮಕ್ಕಳು. ಡೆಂಗೆ, ಅಪೌಷ್ಟಿಕತೆ, ನ್ಯುಮೋನಿಯಾಗಳ ಮುಂದೆ ಇದು ಸಣ್ಣ ಸಂಖ್ಯೆ ಎಂಬುದು ನಿಜ. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಇಲಾಖೆಯನ್ನಲ್ಲ, ಹೊಸ ಕಟ್ಟಡವನ್ನಲ್ಲ. ಈಗಾಗಲೇ ನಡೆಯುತ್ತಿರುವ ಭೇಟಿಯಲ್ಲಿ ಎರಡು ಪ್ರಶ್ನೆ, ಈಗಾಗಲೇ ಅಚ್ಚಾಗುತ್ತಿರುವ ಕಾರ್ಡಿನಲ್ಲಿ ಒಂದು ಬಣ್ಣದ ಪಟ್ಟಿ, ಈಗಾಗಲೇ ಲಭ್ಯವಿರುವ ಒಂದು ರಕ್ತಪರೀಕ್ಷೆ ಮತ್ತು ಈಗಾಗಲೇ ಇರುವ ಆಸ್ಪತ್ರೆಗಳಲ್ಲಿ ಕೆಲವನ್ನು ಗುರುತಿಸುವ ಒಂದು ಸುತ್ತೋಲೆ. ಈ ಪಟ್ಟಿಯಿಂದ ಪಿತ್ತನಾಳದ ಕಾಯಿಲೆಯಷ್ಟೇ ಸಿಕ್ಕಿಬೀಳುವುದಿಲ್ಲ. ಬೇಗ ಗುರುತಿಸಿದರೆ ಔಷಧ ಪಥ್ಯಗಳಲ್ಲೇ ವಾಸಿಯಾಗಬಲ್ಲ ಯಕೃತ್ತಿನ ಇತರ ಕಾಯಿಲೆಗಳೂ ಸಿಗುತ್ತವೆ.

ಸರ್ಕಾರದ ಸುತ್ತೋಲೆ ಬರುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯಲ್ಲಿ, ಓಣಿಯಲ್ಲಿ, ಕಚೇರಿಯ ಸಹೋದ್ಯೋಗಿಯ ಮನೆಯಲ್ಲಿ ಹಸುಗೂಸಿದ್ದರೆ, ಮನೆಗೆಲಸಕ್ಕೆ ಬರುವ ಹೆಂಗಸಿನ ಮಗಳು ಬಾಣಂತಿಯಾಗಿದ್ದರೆ, ಹುಟ್ಟಿ ಎರಡು ವಾರ ಕಳೆದರೂ ಹಳದಿ ಉಳಿದಿದೆಯೇ ಎಂದು ಹಗಲ ಬೆಳಕಿನಲ್ಲಿ ಮಗುವಿನ ಕಣ್ಣು ನೋಡಲು ಹೇಳಬಹುದು. ಮಲ ಬಿಳಿಚಿದ್ದರೆ ಅದೇ ದಿನ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿ, ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಮಾಡಿಸುವಂತೆ ಹೇಳಬಹುದು. ಕಸಾಯ್ ಶಸ್ತ್ರಚಿಕಿತ್ಸೆ ಯಾರಿಗೆ ಫಲಿಸುತ್ತದೆ ಎಂಬ ಲೆಕ್ಕವನ್ನು ತಜ್ಞರು ಇನ್ನಷ್ಟು ಕಾಲ ಹಾಕುತ್ತಲೇ ಇರುತ್ತಾರೆ. ಆ ಲೆಕ್ಕದಲ್ಲಿ ಮಗುವಿನ ವಯಸ್ಸೆಂದು ಬರೆಯಬೇಕಾದ ಅಂಕಿಯನ್ನು ಮಾತ್ರ ಬಾಣಂತಿಯ ಕೋಣೆಯಲ್ಲಿರುವವರು ಮತ್ತು ಲಸಿಕೆ ಕೇಂದ್ರದ ದಾದಿ ಸೇರಿ ಬರೆಯುತ್ತಾರೆ. ಅದು ನಲವತ್ತೈದೋ ತೊಂಬತ್ತೈದೋ ಎಂಬುದು ನಮ್ಮ ಕೈಯಲ್ಲಿದೆ.